ಗಾಡಿ ಜಗ್ಗವಲ್ದು

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಬೆಳಗಾವಿ ಜಿಲ್ಲೆಯ ಕಲ್ಲೋಳಿಯ ಸುತ್ತಲಿನ ರಸ್ತೆಗಳ ವೇಗವನ್ನು ನಿರ್ಧರಿಸುವುದು ಟ್ರ್ಯಾಕ್ಟರ್. ಗೋಕಾಕದ ಕಡೆ ಹೊರಟರೂ, ಮೂಡಲಗಿಯ ಕಡೆ ಹೊರಟರೂ, ಹುಕ್ಕೇರಿ–ಸಂಕೇಶ್ವರದ ದಾರಿ ಹಿಡಿದರೂ ಮುಂದೆ ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಇದ್ದೇ ಇರುತ್ತದೆ. ಹಿಂದಿನ ಕಾರಿನವನು ಎರಡನೇ ಗೇರಿನಲ್ಲಿ, ಆ್ಯಕ್ಸಿಲರೇಟರನ್ನು ಮುಟ್ಟಿಯೂ ಮುಟ್ಟದಂತೆ ಒತ್ತಿಕೊಂಡು ತೆವಳಬೇಕು. ಎದುರಿನ ರಸ್ತೆ ಖಾಲಿ ಕಂಡ ಕೂಡಲೇ ಒಮ್ಮೆಲೇ ಒತ್ತುತ್ತಾನೆ. ಗಾಡಿ ಮುಂದಕ್ಕೆ ಚಿಮ್ಮಬೇಕು. ಅದರ ಬದಲು ಒಂದು ಕ್ಷಣ ತಡವರಿಸಿ, ಜರ್ಕ್ ಹೊಡೆದು, ಆಮೇಲೆ ಏಳುತ್ತದೆ. ಟ್ರೇಲರಿನ ಪಕ್ಕದಲ್ಲಿ, ಎದುರಿಗೆ ಬಸ್ಸು ಬರುತ್ತಿರುವಾಗ, ಆ ಒಂದು ಕ್ಷಣ ಪ್ರಾಣಕ್ಕೆ ಸಂಬಂಧಿಸಿದ್ದು. ಮರುದಿನ ಗ್ಯಾರೇಜಿನ ಮುಂದೆ ಗಾಡಿ ನಿಲ್ಲುತ್ತದೆ, ಮಾತು ಒಂದೇ: “ಅಣ್ಣಾ, ಗಾಡಿ ಜಗ್ಗವಲ್ದು.”

ಈ ಮಾತಿಗೆ ಸಿಗುವ ಉತ್ತರವೂ ಈಗ ಹೆಚ್ಚುಕಡಿಮೆ ಒಂದೇ. ಸ್ಟೇರಿಂಗಿನ ಕೆಳಗೆ ಇರುವ ಹದಿನಾರು ಪಿನ್ನಿನ ಸಾಕೆಟ್ಟಿಗೆ ಸ್ಕ್ಯಾನರ್ ಸಿಕ್ಕಿಸುತ್ತಾರೆ. ಪರದೆಯ ಮೇಲೆ ಒಂದು ಕೋಡ್ ಮೂಡುತ್ತದೆ. “ಥ್ರಾಟಲ್ ಸೆನ್ಸರ್ ತೋರಸಾಕತ್ತೈತ್ರಿ. ಬದಲ್ ಮಾಡೂಣೇನ್ರಿ?” ಗಾಡಿಯವರು ಹೂಂ ಅನ್ನುತ್ತಾರೆ. ಸಾವಿರಾರು ರೂಪಾಯಿಯ ಭಾಗ ಬೆಳಗಾವಿಯಿಂದಲೋ ಕೊಲ್ಹಾಪುರದಿಂದಲೋ ಬರುತ್ತದೆ. ಕೆಲವು ದಿನ ಗಾಡಿ ಸರಿಯಾಗಿ ಓಡಿ, ಮತ್ತೆ ಅದೇ ಹಳದಿ ಎಂಜಿನ್ ಲೈಟ್ ಹೊತ್ತಿಕೊಳ್ಳುತ್ತದೆ. ಆಗ ಇಂಜೆಕ್ಟರ್ ಮೇಲೆ ಸಂಶಯ. ಇಂಜೆಕ್ಟರ್ ಆದಮೇಲೆ ಪಂಪ್. ಹೀಗೆ ಒಂದೊಂದೇ ಭಾಗ ಬದಲಾಗುತ್ತ ಹೋಗಿ, ಕೊನೆಗೆ ಎಲ್ಲೋ ಒಂದು ಹಸಿರುಗಟ್ಟಿದ ಪಿನ್ ಸಿಕ್ಕರೆ, ಅಷ್ಟರಲ್ಲಿ ಕಬ್ಬಿನ ಬಿಲ್ಲಿನ ಒಂದು ಪಾಲು ಕರಗಿರುತ್ತದೆ.

ಸ್ಕ್ಯಾನರ್ ಕೊಡುವ ಕೋಡ್ ಪೊಲೀಸ್ ಠಾಣೆಗೆ ಬಂದ ದೂರಿನಂತೆ. ಯಾರ ಹೆಸರು ದೂರಿನಲ್ಲಿದೆಯೋ ಅವರೇ ಅಪರಾಧಿ ಎಂದು ಹಿಡಿದೊಯ್ಯುವುದು ತಪ್ಪು, ತನಿಖೆ ಆಗಬೇಕು. ಆ ತನಿಖೆಗೆ ಬೇಕಾದದ್ದು ದುಬಾರಿ ಯಂತ್ರವಲ್ಲ, ಕೆಲವು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರ್ ಮತ್ತು ಅರ್ಧ ಗಂಟೆಯ ತಾಳ್ಮೆ.

ಈ ಸೀಮೆಯ ಮೆಕ್ಯಾನಿಕ್‌ಗಳ ಕೈಗುಣ ಕಡಿಮೆಯದಲ್ಲ. 1983ರ ಡಿಸೆಂಬರಿನಲ್ಲಿ ಬಂದ ಮಾರುತಿ 800ರ ಕಾರ್ಬ್ಯುರೇಟರನ್ನು ಕಣ್ಣುಮುಚ್ಚಿ ಬಿಚ್ಚಿ ಜೋಡಿಸಬಲ್ಲವರಿದ್ದರು. ಸ್ಕ್ರೂ ಅರ್ಧ ಸುತ್ತು ತಿರುಗಿಸಿ, ಎಂಜಿನ್ನಿನ ಸದ್ದು ಕೇಳಿಯೇ ಪೆಟ್ರೋಲು ಹೆಚ್ಚೋ ಗಾಳಿ ಹೆಚ್ಚೋ ಹೇಳುತ್ತಿದ್ದರು. ಟ್ರ್ಯಾಕ್ಟರಿನ ಡೀಸೆಲ್ ಪಂಪ್ ಎಂದರೆ ‘ಮೈಕೊ’ ಎಂಬ ಮಾತು ಅವರ ಬಾಯಲ್ಲಿ ಇಂದಿಗೂ ಉಳಿದಿದೆ. 1951ರಲ್ಲಿ ಸ್ಥಾಪನೆಯಾಗಿ ಬೆಂಗಳೂರಿನ ಆಡುಗೋಡಿಯಲ್ಲಿ ಬೆಳೆದ ಮೋಟಾರ್ ಇಂಡಸ್ಟ್ರೀಸ್ ಕಂಪನಿ 2008ರಲ್ಲಿ ಬಾಷ್ ಲಿಮಿಟೆಡ್ ಎಂದು ಹೆಸರು ಬದಲಿಸಿಕೊಂಡರೂ ಹಳೆಯ ಹೆಸರು ಹೋಗಲಿಲ್ಲ. ಅದರ ಮಾತೃಸಂಸ್ಥೆಯಾದ ಜರ್ಮನಿಯ ಬಾಷ್ 1967ರಷ್ಟು ಹಿಂದೆಯೇ ಫೋಕ್ಸ್‌ವ್ಯಾಗನ್ 1600 ಕಾರಿಗೆ ವಿದ್ಯುತ್ತಿನಿಂದ ನಡೆಯುವ ಪೆಟ್ರೋಲ್ ಇಂಜೆಕ್ಷನ್ ಕೊಟ್ಟಿತ್ತು. ನಮ್ಮಲ್ಲಿ ಅದು ಮನೆಮಾತಾದದ್ದು 2000ದ ಸುಮಾರಿಗೆ, ಹೊಗೆಯ ನಿಯಮಗಳು ಬಿಗಿಯಾದಾಗ, ‘ಎಂಪಿಎಫ್ಐ’ ಎಂಬ ಅಕ್ಷರಗಳು ಕಾರಿನ ಹಿಂಭಾಗದಲ್ಲಿ ಕಾಣಿಸಿಕೊಂಡಾಗ. 2017ರ ಏಪ್ರಿಲಿನಲ್ಲಿ ದೇಶಕ್ಕೆಲ್ಲ ಬಿಎಸ್ 4, 2020ರ ಏಪ್ರಿಲಿನಲ್ಲಿ ಬಿಎಸ್ 6 ಬಂದವು. ಸದ್ದು ಕೇಳಿ ರೋಗ ಹಿಡಿಯುವ ಕಿವಿ ಈಗಲೂ ಬೇಕು, ಆದರೆ ಅದೊಂದೇ ಸಾಲದು. ವೋಲ್ಟು ಕಿವಿಗೆ ಕೇಳಿಸುವುದಿಲ್ಲ.

ಥ್ರಾಟಲ್ ಸೆನ್ಸರಿನ ಕೆಲಸ ಸರಳ. ಎಂಜಿನ್ನಿಗೆ ಗಾಳಿ ಬಿಡುವ ತಟ್ಟೆ ಎಷ್ಟು ತೆರೆದಿದೆ ಎಂಬುದನ್ನು ಅದು ಕಂಪ್ಯೂಟರಿಗೆ, ಅಂದರೆ ಇಸಿಯುಗೆ ತಿಳಿಸುತ್ತದೆ. ಆ್ಯಕ್ಸಿಲರೇಟರಿಗೆ ಕೇಬಲ್ ಇರುವ ಹಳೆಯ ಗಾಡಿಗಳಲ್ಲಿ ಅದಕ್ಕೆ ಮೂರೇ ವೈರು. ಒಂದರಲ್ಲಿ ಇಸಿಯು 5 ವೋಲ್ಟ್ ಕಳಿಸುತ್ತದೆ, ಇನ್ನೊಂದು ಅರ್ಥ್, ಮೂರನೆಯದು ಸುದ್ದಿ ತರುವ ವೈರು. ತಟ್ಟೆ ಮುಚ್ಚಿದ್ದಾಗ ಈ ಮೂರನೆಯ ವೈರಿನಲ್ಲಿ ಸುಮಾರು ಅರ್ಧ ವೋಲ್ಟ್, ಪೂರ್ತಿ ತೆರೆದಾಗ ಸುಮಾರು 4.5 ವೋಲ್ಟ್. ಒಳಗಡೆ, ರೇಡಿಯೊದ ವಾಲ್ಯೂಮ್ ಗುಂಡಿಯಲ್ಲಿರುವಂತೆಯೇ, ಇಂಗಾಲದ ಪಟ್ಟಿಯ ಮೇಲೆ ಒಂದು ಸಣ್ಣ ಲೋಹದ ಬೆರಳು ಉಜ್ಜುತ್ತ ಸರಿಯುತ್ತದೆ. ಆ ಪಟ್ಟಿ ಎಲ್ಲ ಕಡೆ ಸಮನಾಗಿ ಸವೆಯುವುದಿಲ್ಲ. ಗಾಡಿ ಹೆಚ್ಚು ಹೊತ್ತು ಯಾವ ತೆರವಿನಲ್ಲಿ ಓಡುತ್ತದೋ ಅಲ್ಲಿಯೇ ಸವೆಯುತ್ತದೆ. ಟ್ರೇಲರಿನ ಹಿಂದೆ ತೆವಳುವ ಕಾರಿನಲ್ಲಿ ಆ ಜಾಗ ಯಾವುದೆಂದು ಬಿಡಿಸಿ ಹೇಳಬೇಕಿಲ್ಲ: ಮುಚ್ಚಿದ್ದಕ್ಕಿಂತ ತುಸು ಮೇಲೆ. ಬೆರಳು ಆ ಸವೆದ ಜಾಗ ದಾಟುವಾಗ ವೋಲ್ಟೇಜ್ ಕ್ಷಣಕಾಲ ಬಿದ್ದುಹೋಗುತ್ತದೆ. ಚಾಲಕ ಕಾಲು ತೆಗೆದನೆಂದು ಭಾವಿಸಿ ಇಸಿಯು ಪೆಟ್ರೋಲು ಕಡಿಮೆ ಮಾಡುತ್ತದೆ. ಓವರ್‌ಟೇಕಿನ ಹೊತ್ತಿನ ಜರ್ಕ್ ಹುಟ್ಟುವುದು ಅಲ್ಲಿ.

ಪರೀಕ್ಷೆ ಹೀಗೆ. ಚಾವಿ ಆನ್, ಎಂಜಿನ್ ಬಂದ್. ಮೀಟರಿನ ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ. ವೈರುಗಳು ಸೆನ್ಸರಿಗೆ ಸೇರುವ ಕಪ್ಲರ್ ಬಿಚ್ಚದೆ, ಅದರ ಹಿಂದಿನಿಂದ ತೆಳ್ಳಗಿನ ಪಿನ್ ತೂರಿಸಿ ಮೂರೂ ವೈರುಗಳನ್ನು ಒಂದೊಂದಾಗಿ ಅಳೆಯಬೇಕು. ವೈರಿನ ಮೇಲಿನ ಪ್ಲಾಸ್ಟಿಕ್ಕಿಗೆ ಸೂಜಿ ಚುಚ್ಚುವ ಅಭ್ಯಾಸ ಬಿಡಬೇಕು. ಆ ರಂಧ್ರದಿಂದ ನೀರು ಇಳಿದು ಒಳಗಿನ ತಾಮ್ರ ಕೊಳೆಯುತ್ತದೆ. 5 ವೋಲ್ಟ್ ಬಂತೇ? ಅರ್ಥ್ ವೈರಿನಲ್ಲಿ ಸೊನ್ನೆಯ ಹತ್ತಿರ ಇದೆಯೇ? ಎರಡೂ ಸರಿಯಿದ್ದರೆ ಸುದ್ದಿಯ ವೈರಿಗೆ ಮೀಟರ್ ಹಿಡಿದು, ಇನ್ನೊಬ್ಬರಿಂದ ಆ್ಯಕ್ಸಿಲರೇಟರನ್ನು ತೀರ ನಿಧಾನವಾಗಿ ಒತ್ತಿಸಬೇಕು. ವೋಲ್ಟೇಜ್ ತಡೆಯಿಲ್ಲದೆ ಏರುತ್ತ ಹೋಗಬೇಕು. ಡಿಜಿಟಲ್ ಮೀಟರ್ ಒಮ್ಮೊಮ್ಮೆ ಆ ಕ್ಷಣಕಾಲದ ಕುಸಿತವನ್ನು ತೋರಿಸದೆ ದಾಟಿಬಿಡುತ್ತದೆ. ಮೂಲೆಗೆ ಬಿದ್ದಿರುವ ಹಳೆಯ ಮುಳ್ಳಿನ ಮೀಟರ್ ಇಲ್ಲಿ ಬಲು ಉಪಯೋಗಿ. ಮುಳ್ಳು ಸರಕ್ಕನೆ ಹಿಂದೆ ಹೊಡೆದರೆ ಸೆನ್ಸರ್ ಸವೆದಿರುವುದು ಖಾತ್ರಿ. ಆಗ ಬದಲಿಸಿ, ಸಂಕೋಚ ಬೇಡ.

ಇನ್ನು ಕೋಡಿನ ವಿಚಾರ. ಪಿ 0122 ಎಂದರೆ ಥ್ರಾಟಲ್ ಸೆನ್ಸರಿನಿಂದ ಬರುವ ವೋಲ್ಟೇಜ್ ಇರಬೇಕಾದ್ದಕ್ಕಿಂತ ಕಡಿಮೆ. ಪಿ 0123 ಎಂದರೆ ಹೆಚ್ಚು. ಸೆನ್ಸರ್ ಕೆಟ್ಟಿದೆ ಎಂದು ಇವೆರಡರಲ್ಲಿ ಯಾವುದೂ ಹೇಳುವುದಿಲ್ಲ. ಸುದ್ದಿಯ ವೈರು ತುಂಡಾದರೆ ಸಾಮಾನ್ಯವಾಗಿ 0122 ಬರುತ್ತದೆ. ಅರ್ಥ್ ವೈರು ತುಂಡಾದರೆ ಇಡೀ 5 ವೋಲ್ಟು ಸುದ್ದಿಯ ವೈರಿಗೇ ಹರಿದು 0123 ಬರುತ್ತದೆ. ಎರಡೂ ಸಲ ಸೆನ್ಸರ್ ನಿರಪರಾಧಿ. ಇನ್ನೂ ಒಂದು ಮೋಸವಿದೆ. ಅನೇಕ ಗಾಡಿಗಳಲ್ಲಿ ಅದೇ 5 ವೋಲ್ಟಿನ ಲೈನು ಎರಡು ಮೂರು ಸೆನ್ಸರುಗಳಿಗೆ ಹಂಚಿಹೋಗಿರುತ್ತದೆ. ಬೇರೆ ಎಲ್ಲೋ ಇರುವ ಒಂದು ಸೆನ್ಸರ್ ಒಳಗೇ ಶಾರ್ಟ್ ಆದರೆ ಅದು ಎಲ್ಲರ ವೋಲ್ಟೇಜನ್ನೂ ಕೆಳಗೆಳೆಯುತ್ತದೆ. ಥ್ರಾಟಲ್ಲಿನ ಬಳಿ 5 ವೋಲ್ಟ್ ಇಲ್ಲವೆಂದು ಕಂಡರೆ ಉಳಿದ ಸೆನ್ಸರುಗಳ ಕಪ್ಲರುಗಳನ್ನು ಒಂದೊಂದಾಗಿ ತೆಗೆಯುತ್ತ ಮೀಟರ್ ನೋಡಬೇಕು. ಯಾವುದನ್ನು ತೆಗೆದಾಗ 5 ವೋಲ್ಟ್ ಮರಳಿತೋ ಅದೇ ಕೆಟ್ಟದ್ದು.

ವೈರು ಏಕೆ ತುಂಡಾಗುತ್ತದೆ ಎಂದು ಕಬ್ಬು ಬೆಳೆಯುವ ಊರಿನವರಿಗೆ ಹೇಳಬೇಕಿಲ್ಲ. ಕಬ್ಬು ಕಡಿದ ಮೇಲೆ ಗದ್ದೆಯ ಇಲಿಗಳಿಗೆ ನೆಲೆ ತಪ್ಪುತ್ತದೆ. ಬೆಚ್ಚಗಿರುವ ಬಾನೆಟ್ಟಿನ ಒಳಭಾಗಕ್ಕಿಂತ ಒಳ್ಳೆಯ ಜಾಗ ಅವಕ್ಕೆ ಮತ್ತೊಂದು ಸಿಗದು. ಸ್ಕ್ಯಾನರ್ ಹಾಕುವ ಮೊದಲು ಬ್ಯಾಟರಿ ದೀಪ ಹಿಡಿದು ವೈರಿಂಗಿನ ಉದ್ದಕ್ಕೂ ಕಣ್ಣಾಡಿಸುವುದು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ.

ನೀರಿನ ಕಥೆ ಇದಕ್ಕಿಂತ ದೊಡ್ಡದು. 2019ರ ಆಗಸ್ಟಿನಲ್ಲಿ ಘಟಪ್ರಭೆ, ಮಾರ್ಕಂಡೇಯ ನದಿಗಳು ಉಕ್ಕಿ ಗೋಕಾಕ ಪಟ್ಟಣಕ್ಕೇ ನೀರು ನುಗ್ಗಿತು. ನದಿಯ ಇಕ್ಕೆಲದ ಊರುಗಳಲ್ಲಿ ಮನೆಗಳ ಜೊತೆ ವಾಹನಗಳೂ ಮುಳುಗಿದವು. ಅದಾದ ಮೇಲೂ ಈ ನದಿಗಳು ದಂಡೆ ಮೀರಿದ ಮಳೆಗಾಲಗಳು ಬಂದಿವೆ. ಮುಳುಗಿದ ಕಾರನ್ನು ಒಣಗಿಸಿ, ಆಯಿಲ್ ಬದಲಿಸಿ, ಸೀಟು ತೊಳೆದರೆ ಓಡತೊಡಗುತ್ತದೆ. ಆದರೆ ಕಪ್ಲರುಗಳ ಒಳಗೆ ಉಳಿದ ಕೆಸರು ನೀರು ತಾಮ್ರದ ಪಿನ್ನುಗಳನ್ನು ನಿಧಾನವಾಗಿ ತಿನ್ನುತ್ತದೆ. ತಿಂಗಳುಗಳ ನಂತರ ಕೆಲವೊಮ್ಮೆ ಇಂಜೆಕ್ಟರಿನ ಕೋಡ್, ಕೆಲವೊಮ್ಮೆ ಥ್ರಾಟಲ್ಲಿನದು, ಕೆಲವೊಮ್ಮೆ ಎರಡೂ ಒಟ್ಟಿಗೆ ಬರತೊಡಗುತ್ತವೆ. ಸಂಬಂಧವಿಲ್ಲದ ನಾಲ್ಕಾರು ಕೋಡುಗಳು ಒಟ್ಟಿಗೆ ಬಂದರೆ ನಾಲ್ಕಾರು ಭಾಗಗಳು ಒಮ್ಮೆಲೇ ಕೆಟ್ಟಿವೆ ಎಂದು ಯಾರೂ ನಂಬಬಾರದು. ಅಲ್ಲಿ ನೋಡಬೇಕಾದದ್ದು ಎಂಜಿನ್ನಿನಿಂದ ಬಾಡಿಗೆ ಹೋಗುವ ಅರ್ಥ್ ಪಟ್ಟಿ, ಬ್ಯಾಟರಿಯ ತಲೆ ಮತ್ತು ಕಪ್ಲರುಗಳ ಒಳಮೈ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಡ್ಯಾಶ್‌ಬೋರ್ಡಿನ ಕೆಳಗೆ ಕೈಹಾಕಿ ಒಂದೆರಡು ಕಪ್ಲರ್ ಬಿಚ್ಚಿ ನೋಡುವುದು ಒಳಿತು. ಹೊಸ ಸೀಟ್ ಕವರ್ ಮುಚ್ಚುವುದನ್ನು ಹಸಿರುಗಟ್ಟಿದ ಪಿನ್ ಮುಚ್ಚಿಡಲಾರದು.

ಹೊಸ ಗಾಡಿಗಳಲ್ಲಿ ಆ್ಯಕ್ಸಿಲರೇಟರಿನಿಂದ ಎಂಜಿನ್ನಿಗೆ ಕೇಬಲ್ಲೇ ಇಲ್ಲ. ಪೆಡಲಿನಲ್ಲಿ ಎರಡು ಸೆನ್ಸರ್, ಥ್ರಾಟಲ್ಲಿನಲ್ಲಿ ಎರಡು. ಒಂದು ಹೇಳಿದ್ದನ್ನು ಇನ್ನೊಂದು ಒಪ್ಪಬೇಕು. ಒಪ್ಪದಿದ್ದರೆ ಪಿ 2135ರಂಥ ಕೋಡ್ ಬರುತ್ತದೆ, ಇಸಿಯು ಎಂಜಿನ್ನಿನ ಶಕ್ತಿ ಕಟ್ಟಿಹಾಕಿ ಮನೆ ಸೇರುವಷ್ಟು ಮಾತ್ರ ಓಡಿಸುತ್ತದೆ. ಇಲ್ಲಿ ತಟ್ಟೆಯ ಅಂಚಿಗೆ ಕಟ್ಟಿದ ಮಸಿಯೂ ದೊಡ್ಡ ತೊಂದರೆ ಕೊಡುತ್ತದೆ. ಥ್ರಾಟಲ್ ಕ್ಲೀನರ್ ಹಾಕಿದ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ತಟ್ಟೆಯನ್ನು ಬೆರಳಿನಿಂದ ಒತ್ತಿ ತೆರೆದರೆ ಒಳಗಿನ ಪ್ಲಾಸ್ಟಿಕ್ ಹಲ್ಲುಗಳು ಮುರಿಯಬಹುದು. ಒರೆಸಿದ ಮೇಲೆ ಸ್ಕ್ಯಾನರಿನಿಂದ ಐಡಲ್ ಮತ್ತೆ ಕಲಿಸದಿದ್ದರೆ ರೇಸ್ ಏರಿಳಿಯುತ್ತದೆ, ಅದನ್ನೇ ಹೊಸ ರೋಗವೆಂದು ತಿಳಿದು ಮತ್ತೊಂದು ಖರ್ಚು ಹುಟ್ಟುತ್ತದೆ.

ಕೇಬಲ್ ಇಲ್ಲದ ಈ ಥ್ರಾಟಲ್ಲಿನ ಮೇಲೆ ದೊಡ್ಡದೊಂದು ತನಿಖೆ ನಡೆದದ್ದು ಅಮೆರಿಕದಲ್ಲಿ. ಟೊಯೊಟಾ ಕಾರುಗಳು ತಾವಾಗಿಯೇ ವೇಗ ಹೆಚ್ಚಿಸಿಕೊಳ್ಳುತ್ತವೆ ಎಂಬ ದೂರುಗಳು ಬಂದಾಗ ಅಲ್ಲಿನ ಸರ್ಕಾರ ಬಾಹ್ಯಾಕಾಶ ಸಂಸ್ಥೆ ನಾಸಾದ ಎಂಜಿನಿಯರುಗಳನ್ನೇ ಕೂರಿಸಿತು. 2011ರ ಫೆಬ್ರವರಿಯಲ್ಲಿ ಹೊರಬಂದ ವರದಿ ಅಂಥ ವೇಗಕ್ಕೆ ಎಲೆಕ್ಟ್ರಾನಿಕ್ಸ್ ಕಾರಣವೆಂಬ ಪುರಾವೆ ಸಿಗಲಿಲ್ಲ ಎಂದಿತು. ಅಂಟಿಕೊಳ್ಳುವ ಪೆಡಲ್ ಮತ್ತು ಪೆಡಲಿಗೆ ಸಿಕ್ಕಿಕೊಳ್ಳುವ ನೆಲದ ಮ್ಯಾಟ್ ಕಾರಣಗಳೆಂದು ಗುರುತಾದವು. 2013ರಲ್ಲಿ ಓಕ್ಲಹೋಮಾದ ಜ್ಯೂರಿಯೊಂದು ಒಂದು ಪ್ರಕರಣದಲ್ಲಿ ಬೇರೆ ನಿಲುವು ತಳೆದು ಕಂಪನಿಯನ್ನು ಹೊಣೆ ಮಾಡಿತು. ವಾದ ಏನೇ ಇರಲಿ, ಕಾರಿನ ಮೂಲ ಮ್ಯಾಟಿನ ಮೇಲೆ ಇನ್ನೊಂದು ದಪ್ಪ ಮ್ಯಾಟ್ ಹಾಸುವುದು ನಮ್ಮಲ್ಲೂ ಸಾಮಾನ್ಯ. ಪೆಡಲ್ ಪೂರ್ತಿ ಕೆಳಗಿಳಿಯುತ್ತದೆಯೇ, ಪೂರ್ತಿ ಮೇಲೇಳುತ್ತದೆಯೇ ಎಂದು ಮೊದಲು ಕೈಯಿಂದ ಒತ್ತಿ ನೋಡುವುದು ಒಳ್ಳೆಯದು.

ಈಗ ಇಂಜೆಕ್ಟರ್. ಅದೊಂದು ವಿದ್ಯುತ್ ಕವಾಟ. ಎಂಜಿನ್ ಓಡುವಾಗ ಒಂದು ವೈರಿನಲ್ಲಿ 12 ವೋಲ್ಟ್ ಸದಾ ಇರುತ್ತದೆ, ಇನ್ನೊಂದು ವೈರನ್ನು ಇಸಿಯು ಅರ್ಥ್ ಮಾಡಿದಾಗ ಕವಾಟ ತೆರೆಯುತ್ತದೆ. ಐಡಲ್‌ನಲ್ಲಿ ಅದು ಪ್ರತಿ ಸಲ ತೆರೆದಿರುವುದು ಸೆಕೆಂಡಿನ ಸಾವಿರ ಭಾಗದಲ್ಲಿ ಎರಡೋ ನಾಲ್ಕೋ ಭಾಗ ಮಾತ್ರ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜೆಕ್ಟರಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿದರೆ ಟಿಕ್ ಟಿಕ್ ಸದ್ದು ಕೇಳಬೇಕು. ಹಳೆಯ ಮೆಕ್ಯಾನಿಕ್‌ಗಳ ಕಿವಿಗೆ ಇಲ್ಲಿ ಇಂದಿಗೂ ಬೆಲೆಯಿದೆ. ನಾಲ್ಕರಲ್ಲಿ ಒಂದು ಮೌನವಾಗಿದ್ದರೆ ಮೀಟರಿನಲ್ಲಿ ಅದರ ರೆಸಿಸ್ಟೆನ್ಸ್ ನೋಡಬೇಕು. ಬಹುಪಾಲು ಪೆಟ್ರೋಲ್ ಕಾರುಗಳಲ್ಲಿ 12ರಿಂದ 16 ಓಮ್ ಇರುತ್ತದೆ. ಪುಸ್ತಕದ ಅಂಕಿಗಿಂತ ಮುಖ್ಯವಾದದ್ದು ನಾಲ್ಕೂ ಒಂದೇ ತರಹ ಇವೆಯೇ ಎಂಬುದು. ತೆರೆಯುತ್ತದೋ ನೋಡೋಣ ಎಂದು ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಟ್ಟು ಹಿಡಿದರೆ ಒಳಗಿನ ಕಾಯಿಲ್ ಸುಟ್ಟುಹೋಗಬಹುದು.

ಯಾವ ಸಿಲಿಂಡರ್ ಕೆಲಸ ಮಾಡುತ್ತಿಲ್ಲವೆಂದು ತಿಳಿಯಲು ಪ್ಲಗ್ಗಿನ ವೈರು ಎಳೆದು ನೋಡುವುದು ಹಳೆಯ ರೂಢಿ. ಈಗಿನ ಗಾಡಿಗಳಲ್ಲಿ ಹಾಗೆ ಮಾಡಿದರೆ ಸುಡದ ಪೆಟ್ರೋಲು ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ, ಅದು ಕಾದು ಹಾಳಾಗುತ್ತದೆ. ಪ್ಲಗ್ಗಿನ ಬದಲು ಇಂಜೆಕ್ಟರಿನ ಕಪ್ಲರ್ ತೆಗೆಯಬೇಕು. ತೆಗೆದಾಗ ಎಂಜಿನ್ ಇನ್ನಷ್ಟು ಕುಂಟಿದರೆ ಆ ಸಿಲಿಂಡರ್ ಸರಿಯಿದೆ; ಏನೂ ವ್ಯತ್ಯಾಸವಾಗದಿದ್ದರೆ ಕೆಟ್ಟದ್ದು ಅದೇ.

ಆಮೇಲೆ ದುಡ್ಡಿಲ್ಲದೆ ಆಗುವ ಅತ್ಯುತ್ತಮ ಪರೀಕ್ಷೆ. ಪಿ 0302 ಎಂದು ಬಂದರೆ ಎರಡನೇ ಸಿಲಿಂಡರಿನಲ್ಲಿ ಮಿಸ್‌ಫೈರ್. ಎರಡನೆಯದರ ಪ್ಲಗ್ಗಿಗೆ ಕಿಡಿ ಕೊಡುವ ಕಾಯಿಲ್ ಮೂರಕ್ಕೆ, ಮೂರನೆಯದು ಎರಡಕ್ಕೆ ಹಾಕಿ ಓಡಿಸಬೇಕು. ಕೋಡ್ 0303 ಆದರೆ ಕಾಯಿಲ್ ಕೆಟ್ಟಿದೆ. ಹಾಗೆಯೇ ಉಳಿದರೆ ಇಂಜೆಕ್ಟರ್ ಅದಲುಬದಲು ಮಾಡಬೇಕು. ಅದಕ್ಕೂ ಜಗ್ಗದಿದ್ದರೆ ವೈರಿಂಗ್ ಅಥವಾ ಕಂಪ್ರೆಷನ್. ಒಂದು ರೂಪಾಯಿಯ ಸಾಮಾನೂ ಕೊಳ್ಳದೆ ಇಷ್ಟು ತಿಳಿಯುತ್ತದೆ. ಇಂಥ ಪರೀಕ್ಷೆ ಇರುವಾಗ ಅಂದಾಜಿನ ಮೇಲೆ ನಾಲ್ಕೂ ಇಂಜೆಕ್ಟರ್ ಬದಲಿಸುವುದು ಗಿರಾಕಿಗೆ ಮಾಡುವ ಅನ್ಯಾಯ.

ನಾಲ್ಕೂ ಸಿಲಿಂಡರ್ ಒಟ್ಟಿಗೆ ಸೊರಗಿದರೆ ನಾಲ್ಕೂ ಇಂಜೆಕ್ಟರ್ ಒಟ್ಟಿಗೆ ಕೆಟ್ಟಿರುವುದು ಅಪರೂಪ. ಪ್ರೆಷರ್ ಗೇಜ್ ಹಾಕಿ ನೋಡಬೇಕು. ಸಾಮಾನ್ಯವಾಗಿ 3 ಬಾರ್ ಸುತ್ತಮುತ್ತ ಒತ್ತಡ ಇರಬೇಕು. ಪಂಪೇ ಕೆಟ್ಟ ಉದಾಹರಣೆಗಳು ಸಾರ್ವಜನಿಕ ದಾಖಲೆಯಲ್ಲಿವೆ. 2020ರ ಜುಲೈನಲ್ಲಿ ಮಾರುತಿ ಸುಜುಕಿ 1,34,885 ವ್ಯಾಗನ್ ಆರ್ ಮತ್ತು ಬಲೆನೊ ಕಾರುಗಳನ್ನು ಫ್ಯುಯೆಲ್ ಪಂಪಿನ ತಪಾಸಣೆಗೆ ವಾಪಸ್ ಕರೆಯಿತು. ಹೋಂಡಾ 2024ರ ಅಕ್ಟೋಬರಿನಲ್ಲಿ 90 ಸಾವಿರಕ್ಕೂ ಹೆಚ್ಚು ಕಾರುಗಳನ್ನು ಪಂಪಿನ ಒಳಗಿನ ತಿರುಗುಚಕ್ರದ ದೋಷಕ್ಕಾಗಿ ಕರೆಯಿತು. ಅಂಥ ಕಾರಿನವರು ಹೊರಗೆ ಇಂಜೆಕ್ಟರ್ ಬದಲಿಸಿ ಹಣ ಕಳೆದುಕೊಳ್ಳಬೇಕಾಗಿಲ್ಲ. ದೋಷವಿದ್ದರೆ ಕಂಪನಿ ಪಂಪನ್ನೇ ಉಚಿತವಾಗಿ ಬದಲಿಸಿಕೊಡುತ್ತದೆ. ಚಾಸಿಸ್ ನಂಬರ್ ಕೊಟ್ಟು ಶೋರೂಮಿನಲ್ಲಿ ವಿಚಾರಿಸಿದರೆ ಸಾಕು.

ಪೆಟ್ರೋಲಿನ ವಿಷಯಕ್ಕೆ ಬಂದರೆ ಕಲ್ಲೋಳಿಗೆ ಅದು ಮನೆಯ ವಿಷಯ. ಇಲ್ಲಿನ ಕಬ್ಬಿನಿಂದ ಸಕ್ಕರೆಯ ಜೊತೆ ಎಥೆನಾಲ್ ಕೂಡ ಹುಟ್ಟುತ್ತದೆ. ಮೂಡಲಗಿಯಿಂದ ದೂರವಿಲ್ಲದ ಸಮೀರವಾಡಿಯ ಕಾರ್ಖಾನೆ ಎಥೆನಾಲಿಗೆ ಹೆಸರಾದದ್ದು. ಶೇ. 20 ಎಥೆನಾಲ್ ಬೆರೆತ ಇ20 ಪೆಟ್ರೋಲನ್ನು ಪ್ರಧಾನಿ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ಬಿಡುಗಡೆ ಮಾಡಿದರು. ರೈತನಿಗೆ ಇದರಿಂದ ಲಾಭವಿದೆ, ಅದನ್ನು ಸ್ವಾಗತಿಸಲೇಬೇಕು. ಆದರೆ ಅದೇ ರೈತನ ಹಳೆಯ ಕಾರಿನಲ್ಲಿ ಏನಾಗುತ್ತದೆ ಎಂಬುದೂ ತಿಳಿದಿರಬೇಕು. ಒಂದು ಕಿಲೊ ಪೆಟ್ರೋಲು ಪೂರ್ತಿ ಸುಡಲು 14.7 ಕಿಲೊ ಗಾಳಿ ಬೇಕು, ಎಥೆನಾಲಿಗೆ 9 ಕಿಲೊ ಸಾಕು. ಅಂದರೆ ಅಷ್ಟೇ ಗಾಳಿಗೆ ಇ20 ಹೆಚ್ಚು ಬೇಕು. ಇಸಿಯು ಇಂಜೆಕ್ಟರನ್ನು ಹೆಚ್ಚು ಹೊತ್ತು ತೆರೆದಿಟ್ಟು ಸರಿದೂಗಿಸುತ್ತದೆ. ಮೊದಲೇ ಸ್ವಲ್ಪ ಮಸಿ ಕಟ್ಟಿದ ಇಂಜೆಕ್ಟರ್, ಸ್ವಲ್ಪ ಸೊರಗಿದ ಪಂಪ್ ಇರುವ ಗಾಡಿಯಲ್ಲಿ ಸರಿದೂಗಿಸುವ ಮಿತಿ ಮುಗಿದು, ಪೆಟ್ರೋಲು ಕಡಿಮೆ ಎಂಬ ಪಿ 0171 ಕೋಡ್ ಬರಬಹುದು. ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಮೈಲೇಜ್ ಶೇ. 6ರಿಂದ 7ರಷ್ಟು ಇಳಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಅಷ್ಟು ಇಳಿದರೆ ಅದು ಇಂಜೆಕ್ಟರಿನ ತಪ್ಪಲ್ಲ.

ಎಥೆನಾಲ್ ನೀರನ್ನು ಹೀರಿಕೊಳ್ಳುತ್ತದೆ. ನೀರು ಮಿತಿಮೀರಿದಾಗ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಪಂಪ್ ಹೀರುವುದೂ ತಳದಿಂದಲೇ. ಮಳೆಗಾಲದಲ್ಲಿ ಟ್ಯಾಂಕ್ ಅರ್ಧ ಖಾಲಿ ಇಟ್ಟು ವಾರಗಟ್ಟಲೆ ನಿಲ್ಲಿಸಿದ ಗಾಡಿ ಒಮ್ಮೆಲೇ ಜಗ್ಗದೇ ಹೋದರೆ, ಪೆಟ್ರೋಲನ್ನು ಗಾಜಿನ ಬಾಟಲಿಗೆ ತೆಗೆದು ಒಂದಿಷ್ಟು ಹೊತ್ತು ಇಡಬೇಕು. ಎರಡು ಪದರ ಕಂಡರೆ ಸ್ಕ್ಯಾನರ್ ಬೇಕಿಲ್ಲ, ಟ್ಯಾಂಕ್ ತೊಳೆಯಬೇಕು.

ಡೀಸೆಲ್ಲಿನವರಿಗೆ ಒಂದೇ ಮಾತು, ಆದರೆ ಅದು ಜೀವದ ಮಾತು. ಹಳೆಯ ಟ್ರ್ಯಾಕ್ಟರಿನಲ್ಲಿ ಯಾವ ನಾಝಲ್ ಕೆಲಸ ಮಾಡುತ್ತಿಲ್ಲ ಎಂದು ತಿಳಿಯಲು ಎಂಜಿನ್ ಓಡುತ್ತಿರುವಾಗಲೇ ಪೈಪಿನ ನಟ್ ಸಡಿಲಿಸುತ್ತಿದ್ದರು. ಈಗಿನ ಕಾಮನ್ ರೈಲ್ ಡೀಸೆಲ್ ಎಂಜಿನ್ನಿನಲ್ಲಿ ಆ ಪೈಪಿನ ಒತ್ತಡ ಸಾವಿರ ಬಾರ್ ದಾಟಿ 1600, 2000 ಬಾರ್‌ವರೆಗೂ ಹೋಗುತ್ತದೆ. ಅಲ್ಲಿ ನಟ್ ಸಡಿಲಿಸಿದರೆ, ಸೋರುವ ಜಾಗಕ್ಕೆ ಬೆರಳಿಟ್ಟರೆ, ಡೀಸೆಲ್ ಚರ್ಮ ತೂರಿ ಮಾಂಸದೊಳಗೆ ಹೋಗುತ್ತದೆ. ಗಾಯ ಸೂಜಿಮೊನೆಯಷ್ಟು ಕಾಣುತ್ತದೆ. ಕೂಡಲೇ ಶಸ್ತ್ರಚಿಕಿತ್ಸೆ ಆಗದಿದ್ದರೆ ಬೆರಳೋ ಕೈಯೋ ಕಳೆದುಕೊಳ್ಳಬೇಕಾದೀತು. 2023ರ ಜನವರಿ 1ರಿಂದ 50 ಅಶ್ವಶಕ್ತಿಗೆ ಮೇಲ್ಪಟ್ಟ ಹೊಸ ಟ್ರ್ಯಾಕ್ಟರುಗಳಿಗೂ ಬಿಗಿಯಾದ ಹೊಗೆ ನಿಯಮ ಬಂದಿದೆ, ಅವುಗಳ ಜೊತೆ ಇಂಥ ಎಂಜಿನ್‌ಗಳು ಹೊಲಕ್ಕೂ ಬಂದಿವೆ. ಗ್ಯಾರೇಜಿನಲ್ಲಿ ಕೆಲಸ ಕಲಿಯುವ ಹುಡುಗರಿಗೆ ಮೊದಲ ದಿನವೇ ಇದನ್ನು ಹೇಳಬೇಕು.

ಗಾಡಿ ಇರುವವರಿಗೆ ಒಂದು ಬಿನ್ನಹ. ಎಂಜಿನ್ ಲೈಟ್ ಹೊತ್ತಿದಾಗ ಯಾವ ವೇಗದಲ್ಲಿ, ಎಂಜಿನ್ ತಣ್ಣಗಿದ್ದಾಗಲೋ ಕಾದಾಗಲೋ, ಎಲ್ಲಿ ಪೆಟ್ರೋಲು ಹಾಕಿಸಿದ ಮೇಲೆ ಎಂದು ಬರೆದಿಟ್ಟುಕೊಳ್ಳಿ. ಕೋಡ್ ಬರೆದುಕೊಳ್ಳುವ ಮೊದಲೇ ಅಳಿಸಲು ಬಿಡಬೇಡಿ. “ಸೆನ್ಸರ್ ಹೋಗೈತ್ರಿ” ಎಂದರೆ ಜಗಳ ಮಾಡಬೇಡಿ, “ವೋಲ್ಟೇಜ್ ಎಷ್ಟು ಬಂತಪಾ?” ಎಂದು ಕೇಳಿ. ಬಿಲ್ಲಿನ ಮೇಲೆ ಕೋಡಿನ ನಂಬರ್ ಮತ್ತು ಅಳತೆ ಎರಡನ್ನೂ ಬರೆಸಿಕೊಳ್ಳಿ, ತೆಗೆದ ಹಳೆಯ ಭಾಗವನ್ನು ಮನೆಗೆ ತನ್ನಿ. ಗ್ಯಾರೇಜಿನವರಿಗೂ ಒಂದು ಮಾತು: ಅಳತೆ ಮಾಡಿದ ಅರ್ಧ ಗಂಟೆಗೆ ಕೂಲಿ ಕೇಳಲು ಹಿಂಜರಿಯಬೇಡಿ. ಭಾಗ ಮಾರಿದ್ದಕ್ಕೆ ಕೊಡುವ ಹಣಕ್ಕಿಂತ ಕೆಟ್ಟದ್ದನ್ನು ಹುಡುಕಿ ತೋರಿಸಿದ್ದಕ್ಕೆ ಕೊಡುವ ಹಣವನ್ನು ಗಾಡಿಯವರು ಸಂತೋಷದಿಂದ ಕೊಡಲಿ.